ಬೀಗರು ತುಂಬಿಸಿದ ಟ್ಯಾಂಕು

ನಿವೃತ್ತನಾದ ಮೇಲೆ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಹೊಸ ಸರ್ವೇಯರ್‌ಗಳವು. ಕೆಟ್ಟ ಗಾಡಿಯ ಮುಂದೆ ನಿಂತುಕೊಂಡೇ ಮಾಡುತ್ತಾರೆ. "ಸರ್, ಎಂಜಿನ್ ಹೋಗೈತ್ರಿ, ಏನಂತ ಬರೀಲಿ?" ಎಂಬುದು ಮೊದಲ ಪ್ರಶ್ನೆ. ಏನು ಕಂಡಿತು ಎಂದು ನಾನು ಕೇಳಿದರೆ, ಮಾಲೀಕ ಹೇಳಿದ್ದನ್ನು ಹೇಳುತ್ತಾರೆ. ಈ ಬರಹ ಅವರಿಗಾಗಿ.

ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದೆ. ಬೈಲಹೊಂಗಲದ ಮಾರುಕಟ್ಟೆ ರಸ್ತೆಯ ಒಂದು ಬೀಜದ ಅಂಗಡಿಯ ಮೇಲೆ ನನ್ನ ಕಚೇರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಯಾವ ಗಾಡಿ ಮುರಿದರೂ, ಸುಟ್ಟರೂ, ಮುಳುಗಿದರೂ ಹೋಗಿ ನೋಡಿ ವರದಿ ಕೊಡಬೇಕು. ಬಾಗಿಲ ಮೇಲಿನ ಫಲಕ ನೋಡಿ ಹೊಲದ ಬಾಂದು ಅಳೆಯಲು ಕರೆಯುವವರು ಕೊನೆಯವರೆಗೂ ಬರುತ್ತಲೇ ಇದ್ದರು.

ಈ ಕೆಲಸಕ್ಕೆ ಬರುವ ಮೊದಲು ಬೆಳಗಾವಿಯ ಒಂದು ಪತ್ರಿಕೆಯಲ್ಲಿ ಕೆಲಕಾಲ ಇದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಿಗೆ ಅಲ್ಲಿ ಏನು ಕೆಲಸ ಎಂದು ಮನೆಯಲ್ಲಿ ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ಆದರೆ ಮುಂದಿನ ವೃತ್ತಿಗೆ ಬೇಕಾದ ಪಾಠ ಸಿಕ್ಕಿದ್ದು ಅಲ್ಲಿಯೇ. ಮುಖ್ಯ ಉಪಸಂಪಾದಕರು ನನ್ನ ಕಾಪಿ ಓದುವಾಗ ಸಾಲುಸಾಲಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದನ್ನ ನೀ ಕಂಡೀಯೋ, ಯಾರರೆ ಹೇಳ್ಯಾರೋ?" ಹೇಳಿದ್ದಾದರೆ ಹೇಳಿದವರು ಯಾರೆಂದು ಬರಬೇಕು. ಕಂಡದ್ದಾದರೆ ಎಲ್ಲಿ ನಿಂತು ಕಂಡೆ ಎಂಬುದು ಗೊತ್ತಿರಬೇಕು. ಎರಡೂ ಅಲ್ಲದ ಸಾಲಿನ ಮೇಲೆ ಅವರ ಕೆಂಪು ಪೆನ್ನು ಓಡುತ್ತಿತ್ತು. ವರದಿಗಾರನಾಗಿ ನಾನು ಉಳಿಯಲಿಲ್ಲ. ಪ್ರಶ್ನೆ ಉಳಿಯಿತು.

ಸರ್ವೇ ಕೆಲಸ ಕಲಿಸಿದವರು ನಾಡಗೌಡ್ರು. ನನಗಿಂತ ಬಹಳ ಹಿರಿಯರು. ಗಾಡಿಯ ಹತ್ತಿರ ಹೋದ ಕೂಡಲೇ ಬಾನೆಟ್ ಎತ್ತಬಾರದು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಸುತ್ತು ಹಾಕಬೇಕು ಎನ್ನುತ್ತಿದ್ದರು. ಕೈ ಹಿಂದೆ ಯಾಕೆಂದರೆ, ಕೈ ಮುಂದಿದ್ದರೆ ಏನಾದರೂ ಮುಟ್ಟುತ್ತದೆ, ಮುಟ್ಟಿದರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಒಮ್ಮೆ ಕಿತ್ತೂರಿನ ಹೆದ್ದಾರಿಯಲ್ಲಿ ಒಂದು ಜೀಪು ವಿಭಜಕಕ್ಕೆ ಬಡಿದಿತ್ತು. ಎಮ್ಮೆ ಅಡ್ಡ ಬಂದು ಮೂತಿಗೆ ಬಡಿಯಿತು ಎಂದು ಮಾಲೀಕ ವಿವರವಾಗಿ ಹೇಳುತ್ತಿದ್ದ. ಎಮ್ಮೆಯ ಬಣ್ಣ, ಕೋಡಿನ ವಾರೆ, ಅದನ್ನು ಬೈದುಕೊಂಡು ಹೋದ ಮುದುಕ, ಎಲ್ಲವೂ ಇತ್ತು. ನಾಡಗೌಡ್ರು ಸುತ್ತು ಮುಗಿಸಿ ಹೇಳಿದರು: "ಎಮ್ಮಿ ಛಲೋ ಜಾತಿದ ಐತಿ ಬಿಡ್ರಿ. ಬಡದ ಹೋಗೇತಿ, ಒಂದ ಕೂದಲಾನೂ ಬಿಟ್ಟಿಲ್ಲ." ಮಾಲೀಕನೂ ನಕ್ಕ. ಆಮೇಲೆ ನಿದ್ದೆ ಹತ್ತಿತ್ತೆಂದು ತಾನೇ ಹೇಳಿದ. ನಾಡಗೌಡ್ರು ಅವನ ಮೇಲೆ ಒಂದು ಕಟು ಮಾತನ್ನೂ ಬರೆಯಲಿಲ್ಲ. ಸುಳ್ಳು ಹೇಳುವವರಲ್ಲಿ ಬಹುಪಾಲು ಜನ ಕಳ್ಳರಲ್ಲ, ಅಂಜಿದವರು ಎಂಬುದು ಅವರ ಅನುಭವ. ಈಗ ನನ್ನದೂ ಅದೇ.

ಆ ಕಾಲದಲ್ಲಿ ಫೋಟೊ ತೆಗೆದು, ರೀಲು ತೊಳೆಸಿ, ಲಕೋಟೆಯನ್ನು ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಈಗ ಗಾಡಿಯ ಮುಂದೆ ಮೊಬೈಲ್ ಹಿಡಿದರೆ ದೂರದ ಊರಿನ ಅಧಿಕಾರಿ ಅಲ್ಲಿಂದಲೇ ನೋಡುತ್ತಾನೆ. ವೇಗ ಬಂದಿದೆ, ಅದು ಒಳ್ಳೆಯದೇ. ಆದರೆ ಮೊಬೈಲ್ ಹಿಡಿದವನ ಕೈ ಹಿಂದೆ ಇರುವುದಿಲ್ಲ.

ಇನ್ನು ಪೆಟ್ರೋಲಿನ ವಿಷಯ. ಆಕ್ಟೇನ್ ಎಂಬ ಮಾತು ನಮ್ಮ ಕಡೆ ಕಿವಿಗೆ ಬೀಳತೊಡಗಿದ್ದು ಈಚೆಗೆ. ದೇಗಾಂವದಲ್ಲಿ ನನಗೆ ಪರಿಚಯದ ಒಬ್ಬ ಮಾಸ್ತರರಿದ್ದರು. ಅವರ ಹಳೆಯ ಮೋಟರ್‌ಸೈಕಲ್ ಏರು ಬಂದರೆ ಏದುಸಿರು ಬಿಡುತ್ತಿತ್ತು. ಯಾರೋ ಹೇಳಿದರೆಂದು ಬೆಳಗಾವಿಗೆ ಹೋದಾಗಲೆಲ್ಲ ದುಬಾರಿ ಪೆಟ್ರೋಲ್ ಹಾಕಿಸತೊಡಗಿದರು. ಗಾಡಿ ಕುದುರೆಯಾಗಿದೆ ಎಂದು ಎಲ್ಲರ ಮುಂದೆ ಹೇಳಿದರು. ಒಂದು ದಿನ ಬೆಳಗಾವಿಯಿಂದ ಅವರ ತಮ್ಮನೇ ಗಾಡಿ ತಂದ, ಸಾದಾ ಪೆಟ್ರೋಲ್ ಹಾಕಿಸಿದ್ದ, ಹೇಳಿರಲಿಲ್ಲ. ಮಾಸ್ತರರು ಆ ವಾರವೂ ಕುದುರೆಯ ಮೇಲೆಯೇ ಓಡಾಡಿದರು.

ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಎಂಜಿನ್ನಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಪ್ಲಗ್ಗಿನ ಕಿಡಿ ಬಿದ್ದ ಮೇಲೆ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಆ ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡರೆ, ಪಿಸ್ಟನ್ ತಲೆಯ ಮೇಲೆ ಸುತ್ತಿಗೆಯ ಏಟು ಬಿದ್ದಂತಾಗುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಹಾಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಅಂಕಿ. ಅಂಕಿ ಹೆಚ್ಚಿದ್ದರೆ ಆ ಪೆಟ್ರೋಲಿಗೆ ಶಕ್ತಿ ಹೆಚ್ಚು ಎಂದಲ್ಲ, ತಾಳ್ಮೆ ಹೆಚ್ಚು ಎಂದರ್ಥ. ಮಾಸ್ತರರ ಹಳೆಯ ಗಾಡಿ ಮಿಶ್ರಣವನ್ನು ಒತ್ತುವುದೇ ಕಡಿಮೆ. ಅದಕ್ಕೆ ಅಷ್ಟು ತಾಳ್ಮೆ ಬೇಕಿರಲಿಲ್ಲ.

ವೇಗದ ಕಾರುಗಳ ಲೆಕ್ಕವೇ ಬೇರೆ. ಅವುಗಳಲ್ಲಿ ಟರ್ಬೊ ಎಂಬ ಸಣ್ಣ ತಿರುಗಣಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುರುಕುತ್ತದೆ. ಒತ್ತಡ ಏರುತ್ತದೆ, ಬಿಸಿ ಏರುತ್ತದೆ. ಆ ಒತ್ತಡದಲ್ಲಿಯೂ ತಡೆದುಕೊಳ್ಳುವ ಪೆಟ್ರೋಲ್ ಇದ್ದರೆ ಮಾತ್ರ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡಬಲ್ಲದು. ಹಾಗೆಂದು ಸಾದಾ ಪೆಟ್ರೋಲ್ ಹಾಕಿದ ಕೂಡಲೇ ಕೆಡುವುದಿಲ್ಲ. ಕಿತ್ತೂರಿನ ಹೆದ್ದಾರಿಯಲ್ಲಿ ಒಮ್ಮೆ ಪರಊರಿನ ದೊಡ್ಡ ಕಾರಿನವರು ಬಂಕಿನಲ್ಲಿ ಜಗಳ ತೆಗೆದಿದ್ದರು. ನೂರು ಆಕ್ಟೇನಿನ ಪೆಟ್ರೋಲ್ ಇಲ್ಲವೆಂದರೆ ಇದೆಂಥ ಹೆದ್ದಾರಿ ಎಂಬುದು ಅವರ ವಾದ. ನಾನು ಅಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದೆ. ಸಾದಾ ಹಾಕಿಸಿ, ಮೆಲ್ಲಗೆ ಓಡಿಸಿ, ಏನೂ ಆಗುವುದಿಲ್ಲ ಎಂದೆ. ಈಗಿನ ಎಂಜಿನ್ನುಗಳಿಗೆ ನಾಕಿಂಗ್ ಕೇಳಿಸಿಕೊಳ್ಳುವ ಒಂದು ಕಿವಿ ಇರುತ್ತದೆ. ಸದ್ದು ಶುರುವಾದರೆ ಕಾರಿನ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡುತ್ತದೆ. ಶಕ್ತಿ ಇಳಿಯುತ್ತದೆ, ಎಂಜಿನ್ ಉಳಿಯುತ್ತದೆ. ಅವರು ಊರು ಮುಟ್ಟಿ ಫೋನ್ ಮಾಡಿದರು. ಕಾರು ಸೋಮಾರಿಯಾಗಿತ್ತು, ಬೇರೇನೂ ಆಗಲಿಲ್ಲ ಎಂದರು.

ಇದು ಕಂಪನಿಯಿಂದ ಬಂದಂತೆಯೇ ಇರುವ ಕಾರಿನ ಮಾತು. ಕೈ ಆಡಿಸಿದ ಕಾರಿನ ಮಾತನ್ನು ನಾನು ಕಲಿತದ್ದು ಒಂದು ಮದುವೆಯಿಂದ.

ನಾನು ನಿವೃತ್ತನಾಗುವ ತುಸು ಮೊದಲಿನ ಸಂಗತಿ. ಬೈಲಹೊಂಗಲದ ಹತ್ತಿ ವ್ಯಾಪಾರಿ ಚನ್ನಬಸಪ್ಪನವರ ಮಗ ಶಿವಾನಂದನ ಮದುವೆ ಸಾಲಹಳ್ಳಿಯಲ್ಲಿ ಆಯಿತು. ಹೆಣ್ಣಿನ ತಂದೆ ಗುರುಪಾದಪ್ಪ, ಒಕ್ಕಲುತನದವರು. ಮಗಳ ಹೆಸರು ಸುವರ್ಣಾ. ಬಿರುಬೇಸಿಗೆ. ಶಿವಾನಂದ ತನ್ನ ಟರ್ಬೊ ಪೆಟ್ರೋಲ್ ಕಾರನ್ನು ತಾನೇ ಓಡಿಸಿಕೊಂಡು ಹೋಗಿದ್ದ. ಸೆಕೆಂಡ್‌ಹ್ಯಾಂಡ್ ಕೊಂಡದ್ದಾದರೂ ಕಣ್ಣಿಗೆ ಹೊಸದರಂತಿದ್ದ, ವೇಗದ ಕಾರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಎತ್ತಿನ ಬಂಡಿಯಲ್ಲಿ ದಿಬ್ಬಣ ಬರುತ್ತಿದ್ದ ಕಾಲದಲ್ಲಿ, ಹೊರಡುವ ಮೊದಲು ಬೀಗರ ಎತ್ತುಗಳಿಗೆ ಮೇವು, ನೀರು, ಹಿಂಡಿ ಇಟ್ಟು ಕಳಿಸುತ್ತಿದ್ದರು. ಹಸಿದ ಎತ್ತು ಊರ ಗಡಿ ದಾಟಿದರೆ ಹೆಣ್ಣಿನ ಕಡೆಯವರ ಮಾನ ಹೋದಂತೆ. ಈಗ ಎತ್ತುಗಳಿಲ್ಲ, ಟ್ಯಾಂಕುಗಳಿವೆ. ಗುರುಪಾದಪ್ಪ ದಿಬ್ಬಣದ ಎಲ್ಲ ಗಾಡಿಗಳನ್ನೂ ಊರ ಸಮೀಪದ ಬಂಕಿಗೆ ಕರೆದುಕೊಂಡು ಹೋಗಿ, ತಾವೇ ನಿಂತು ಟ್ಯಾಂಕು ತುಂಬಿಸಿದರು. ಕೊನೆಗೆ ಅಳಿಯನ ಕಾರು. ಅದಕ್ಕೂ ಬಾಯಿತನಕ ತುಂಬಿಸಿದರು.

ಮದುಮಕ್ಕಳು ಸವದತ್ತಿಯ ಗುಡ್ಡಕ್ಕೆ ಹೋಗಿ ದೇವಿಗೆ ಕಾಯಿ ಒಡೆಸಿ ಬೈಲಹೊಂಗಲಕ್ಕೆ ಬರುವುದೆಂದು ಗೊತ್ತಾಗಿತ್ತು. ಗುಡ್ಡದ ಏರಿನಲ್ಲಿ ಕಾರು ಕೆಮ್ಮಿತು, ಹೊಗೆ ಉಗುಳಿತು, ನಿಂತಿತು. ಮದುಮಕ್ಕಳು ಬೇರೆ ಗಾಡಿ ಹತ್ತಿದರು. ಅದು ಅಪಶಕುನವೆಂದು ಯಾರೋ ಅಂದರು. ಅದಕ್ಕಿಂತ ಕೆಟ್ಟ ಮಾತು ಮನೆ ಮುಟ್ಟಿದ ಮೇಲೆ ಬಂತು: ಬೀಗರು ಅಗ್ಗದ ಕಡೆ ಕಲಬೆರಕೆ ಪೆಟ್ರೋಲ್ ಹಾಕಿಸಿದರು, ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬೆರೆಸಿದ್ದು. ಅಂದವರು ಚನ್ನಬಸಪ್ಪನವರು. ಮಾರುಕಟ್ಟೆಯಲ್ಲಿ ಅಂದದ್ದರಿಂದ ಮಾತಿಗೆ ಕಾಲು ಬಂತು.

ಶಿವಾನಂದ ಎಂಜಿನ್ನಿಗೂ ಸೇರಿಸಿ ವಿಮೆ ಮಾಡಿಸಿದ್ದ, ಪರಿಹಾರ ಕೇಳಿದ್ದ. ಹಾಗಾಗಿ ನಾನು ಕಾರನ್ನು ನೋಡಿದ್ದು ಬೆಳಗಾವಿಯ ಒಂದು ವರ್ಕ್‌ಶಾಪಿನಲ್ಲಿ. ಎಂಜಿನ್ನಿನ ತಲೆ ಬಿಚ್ಚಿ ಇಟ್ಟಿದ್ದರು. ನೀರು ಸರಿಯಿತ್ತು, ಆಯಿಲ್ ಸರಿಯಿತ್ತು, ಬೇರಿಂಗುಗಳು ನಯವಾಗಿದ್ದವು. ಒಂದು ಪಿಸ್ಟನ್ನಿನ ಅಂಚು, ಉಂಗುರ ಕೂರುವ ಜಾಗದಲ್ಲಿ, ಮುರಿದಿತ್ತು. ಅದರ ತಲೆಯ ಮೇಲೆ ಮಿಡತೆ ಕಡಿದಂಥ ಸಣ್ಣ ಸಣ್ಣ ಗುಳಿಗಳು. ನಾಕಿಂಗ್ ಬಿಟ್ಟು ಹೋಗುವ ಗುರುತು ಇದು. ಇಲ್ಲಿಯವರೆಗೆ ಸಂಶಯವಿರಲಿಲ್ಲ. ಸಂಶಯ ಇದ್ದದ್ದು ಮುಂದಿನ ಮಾತಿನಲ್ಲಿ. ಚಿಮಣಿ ಎಣ್ಣೆ ಬೆರೆತರೆ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ, ಆಗಲೂ ಪಿಸ್ಟನ್ ಹೀಗೇ ಒಡೆಯುತ್ತದೆ. ಶುದ್ಧವಾದ ಸಾದಾ ಪೆಟ್ರೋಲಿನಿಂದ ಅದು ತಾಳಲಾರದಷ್ಟು ಕೆಲಸ ತೆಗೆದರೂ ಹೀಗೇ ಒಡೆಯುತ್ತದೆ. ಮುರಿದ ಪಿಸ್ಟನ್ ಇವೆರಡರಲ್ಲಿ ಯಾವುದೆಂದು ಹೇಳುವುದಿಲ್ಲ.

ಕೈ ಹಿಂದೆ ಕಟ್ಟಿಕೊಂಡು ಸುತ್ತು ಹಾಕಿದೆ. ಬಾನೆಟ್ಟಿನ ಒಳಗೆಲ್ಲ ನಮ್ಮ ರಸ್ತೆಗಳ ಧೂಳು ಕೂತಿತ್ತು. ಬ್ಯಾಟರಿಯ ಪಕ್ಕದಲ್ಲಿ ಮಾತ್ರ ಅಂಗೈ ಅಗಲದ ಒಂದು ಚೌಕ ಸ್ವಚ್ಛವಾಗಿತ್ತು. ಅದರ ಹತ್ತಿರ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಯ ಒಂದು ತುಂಡು. ಶಿವಾನಂದ ಅಲ್ಲಿಯೇ ನಿಂತಿದ್ದ. ಇಲ್ಲಿ ಏನಿತ್ತು ಎಂದು ಕೇಳಿದೆ. ಏನೂ ಇರಲಿಲ್ಲ ಎಂದ.

"ನೀವು ಹೇಳಿದ್ದನ್ನೂ ಬರೀತೇನಿ, ನಾ ಕಂಡಿದ್ದನ್ನೂ ಬರೀತೇನಿ" ಎಂದೆ. "ಎರಡೂ ಒಂದ ಹಾಳಿ ಮ್ಯಾಲ ಬರತಾವ."

ಅವನು ನೆಲ ನೋಡಿದ. ಒಳ್ಳೆಯ ಹುಡುಗ. ಸುಳ್ಳು ರೂಢಿಯಾಗಿರಲಿಲ್ಲ, ಕಿವಿ ಕೆಂಪಾಗಿದ್ದವು.

ಹೊಸಬರಿಗೆ ಒಂದು ಮಾತು. ಇಂಥ ಹೊತ್ತಿನಲ್ಲಿ ಹಿಡಿದು ಬಿಡಿಸಿ ಕೇಳುವ ಆಸೆ ಆಗುತ್ತದೆ. ಬೇಡ. ಆ ಚೌಕದಲ್ಲಿ ಏನಿತ್ತೆಂದು ನನಗೆ ಅಂದಾಜಿತ್ತು, ಆದರೆ ಕಂಡಿರಲಿಲ್ಲ. ಫೋಟೊ ತೆಗೆದೆ. ಟ್ಯಾಂಕಿನ ಪೆಟ್ರೋಲನ್ನು ವರ್ಕ್‌ಶಾಪಿನವರ ಎದುರಿಗೇ ಎರಡು ಬಾಟಲಿಗಳಲ್ಲಿ ತೆಗೆಸಿ, ಅವರ ಸಹಿ ಹಾಕಿಸಿ ಮೊಹರು ಮಾಡಿದೆ. ಒಂದನ್ನು ಪ್ರಯೋಗಶಾಲೆಗೆ ಕಳಿಸಿದೆ, ಒಂದನ್ನು ಇಟ್ಟುಕೊಂಡೆ.

ಸಾಲಹಳ್ಳಿಯ ಬಂಕಿಗೂ ಹೋಗಿ ಬಂದೆ. ದಿಬ್ಬಣದ ಉಳಿದ ಗಾಡಿಗಳೂ ಅದೇ ಪಂಪಿನಿಂದ ಹಾಕಿಸಿಕೊಂಡಿದ್ದವು, ಒಂದಕ್ಕೂ ತೊಂದರೆ ಆಗಿರಲಿಲ್ಲ. ಇದರಿಂದಲೂ ಪೂರ್ತಿ ಉತ್ತರ ಸಿಗುವುದಿಲ್ಲ. ಸಾದಾ ಎಂಜಿನ್ ಬಹಳಷ್ಟನ್ನು ಸಹಿಸಿಕೊಳ್ಳುತ್ತದೆ.

ಗುರುಪಾದಪ್ಪ ನನ್ನ ಕಚೇರಿಗೆ ಬಂದದ್ದು ಮಳೆ ಶುರುವಾದ ಮೇಲೆ. ಕೈಯಲ್ಲಿ ಬದನೆಕಾಯಿಯ ಚೀಲ. ಸಂಬಂಧಪಟ್ಟವರಿಂದ ಏನೂ ತೆಗೆದುಕೊಳ್ಳುವಂತಿಲ್ಲ, ಚೀಲ ಹೊರಗಿಟ್ಟು ಬನ್ನಿ ಎಂದೆ. ಇಟ್ಟು ಬಂದರು. ಕುಂತರು. ಮೇಜಿನ ಮೇಲಿನ ತಂಬಿಗೆ ನೋಡಿ ಕೇಳಿದರು: "ನಿಮ್ಮ ನೀರ ನಾ ಕುಡದ್ರ ನಡೀತೈತೇನ್ರಿ, ಅದಕ್ಕೂ ಕಾಯ್ದೆ ಐತೋ?"

ಕುಡಿದ ಮೇಲೆ ವಿಷಯಕ್ಕೆ ಬಂದರು. ಪಂಚಮಿ ಬರುತ್ತಿತ್ತು. ಮದುವೆಯಾದ ಮೊದಲ ವರ್ಷ ಪಂಚಮಿಗೆ ಮಗಳನ್ನು ತವರಿಗೆ ಕರೆತರದ ಮನೆ ನಮ್ಮ ಕಡೆ ಇಲ್ಲ. ಜೋಕಾಲಿ ಕಟ್ಟಲು ಬೇವಿನ ಟೊಂಗೆ ಕೂಡ ನೋಡಿ ಇಟ್ಟಿದ್ದರು. ಕರೆಯಲು ಹೇಳಿ ಕಳಿಸಿದರೆ, ಕೆಟ್ಟ ಎಣ್ಣೆ ಹಾಕಿಸಿದ್ದನ್ನು ಬೀಗರು ಮೊದಲು ಒಪ್ಪಿಕೊಳ್ಳಲಿ ಎಂದು ಚನ್ನಬಸಪ್ಪನವರಿಂದ ಉತ್ತರ ಬಂದಿತ್ತು.

"ಗಾಡಿ ರಿಪೇರಿ ನಾ ಮಾಡಿಸಿ ಕೊಡತೇನಿ ಅಂದ್ರ, ಹಂಗಾರ ತಪ್ಪ ಒಪ್ಪಿದಂಗಾತು. ಇಲ್ಲ ಅಂದ್ರ, ಮಗಳ ಅಲ್ಲೇ ಉಳದ್ಲು" ಎಂದರು. "ಒಪ್ಪಿಕೊಂಡ್ರ ಆ ಮನ್ಯಾಗ ಆಕಿ ಜೀವಮಾನ ಚಿಮಣಿ ಎಣ್ಣಿ ಹಾಕಿಸಿದವ್ನ ಮಗಳಾಗಿ ಇರತಾಳ್ರಿ."

ಮಗಳೊಂದಿಗೆ ಮಾತಾಡಿದಿರಾ ಎಂದು ಕೇಳಿದೆ. ಫೋನಿನಲ್ಲಿ ಆರಾಮ ಇದ್ದೇನೆ ಎಂದಷ್ಟೇ ಹೇಳುತ್ತಾಳಂತೆ. ನನ್ನ ವರದಿ ಬರುವವರೆಗೆ ಏನನ್ನೂ ಒಪ್ಪಬೇಡಿ, ಅಲ್ಲಗಳೆಯಲೂ ಬೇಡಿ ಎಂದು ಹೇಳಿ, ಆಕ್ಟೇನ್ ಎಂದರೇನೆಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ಹೇಳಿದರು: "ಬಾರಕೋಲ ಬೀಳೂಕಿಂತ ಮೊದಲ ಒಂದ ಎತ್ತ ನೆಗದಂಗರಿ. ಜೋಡಿ ಎತ್ತ ಇನ್ನೂ ನಿಂತಿರತೈತಿ, ನೊಗಾ ಮುರೀತೈತಿ." ಇದಕ್ಕಿಂತ ಚೆನ್ನಾಗಿ ನನಗೆ ಎಂದೂ ವಿವರಿಸಲಾಗಿಲ್ಲ. ಹೋಗುವಾಗ ಚೀಲ ತೆಗೆದುಕೊಂಡು ಹೋದರು. ಕೆಳಗಿನ ಬೀಜದ ಅಂಗಡಿಯವನಿಗೆ ಕೊಟ್ಟರೆಂದು, ಅವನು ಅದರಲ್ಲಿ ಅರ್ಧ ನನಗೆ ತಂದಾಗ ಗೊತ್ತಾಯಿತು. ನಾನು ಅದನ್ನೂ ವಾಪಸು ಕಳಿಸಿದೆ.

ಗಾಡಿಯಲ್ಲಿ ಇದ್ದವರೆಲ್ಲರ ಹೇಳಿಕೆ ಬೇಕಿತ್ತು. ಒಂದು ಬೆಳಿಗ್ಗೆ ಚನ್ನಬಸಪ್ಪನವರ ಮನೆಗೆ ಹೋದೆ. ಪಡಸಾಲೆಯಲ್ಲಿ ಅವರು, ಶಿವಾನಂದ, ಮತ್ತು ಅಂದು ಕಾರಿನ ಹಿಂದಿನ ಸೀಟಿನಲ್ಲಿ ಮದುಮಗಳ ಪಕ್ಕ ಕೂತಿದ್ದ ಶಿವಾನಂದನ ಚಿಗವ್ವ ಶಾಂತವ್ವ ಇದ್ದರು. ಸುವರ್ಣಾ ಚಹಾ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಚನ್ನಬಸಪ್ಪನವರು ನೇರ ಮನುಷ್ಯ. "ಬೀಗರು ಎಂಥಾದ ಹಾಕಿಸಿದ್ರು ಅನ್ನೂದಷ್ಟ ಬರೀರಿ. ಬ್ಯಾರೆ ಏನೂ ಬ್ಯಾಡ್ರಿ" ಎಂದರು.

ಮೊದಲು ಅದನ್ನೇ ನೋಡೋಣ ಎಂದು ನನ್ನ ಹತ್ತಿರವಿದ್ದ ಬಾಟಲಿಯ ಮೊಹರನ್ನು ಅವರ ಕೈಯಿಂದಲೇ ಒಡೆಸಿದೆ. ಸೋಸುವ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟೆ. ಯಾವ ಬಂಕಿನಲ್ಲಿಯೂ ಗಿರಾಕಿ ಕೇಳಿ ಮಾಡಿಸಬಹುದಾದ ಪರೀಕ್ಷೆ ಇದು. ಶುದ್ಧ ಪೆಟ್ರೋಲ್ ಆರಿಹೋಗುತ್ತದೆ, ಕಲೆ ಉಳಿಯುವುದಿಲ್ಲ. ಚಿಮಣಿ ಎಣ್ಣೆ ಇದ್ದರೆ ಜಿಡ್ಡು ಉಳಿಯುತ್ತದೆ. ಹನಿ ಹರಡಿತು, ಸಣ್ಣದಾಯಿತು, ಇಲ್ಲವಾಯಿತು. ಚನ್ನಬಸಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದರು, ಮೂಸಿದರು, ಬೆರಳಿನಿಂದ ತಿಕ್ಕಿದರು. ಹತ್ತಿಯ ಸ್ಯಾಂಪಲ್ ನೋಡುವ ಕೈ ಅದು, ಇನ್ನೊಬ್ಬರ ಮಾತಿಗೆ ಒಪ್ಪುವುದಿಲ್ಲ. ಜಿಡ್ಡು ಉಳಿಯುವುದನ್ನೂ ತೋರಿಸಿ ಎಂದರು. ಚಿಮಣಿ ಎಣ್ಣೆಗಾಗಿ ಮನೆಯೆಲ್ಲ ಹುಡುಕಿಸಿದರು. ಒಂದು ತೊಟ್ಟೂ ಸಿಗಲಿಲ್ಲ. ಒಲೆಗಳೂ ಚಿಮಣಿಗಳೂ ಹೋಗಿ ಎಷ್ಟೋ ಕಾಲವಾಗಿತ್ತು. ಕೊನೆಗೆ ಟ್ರ್ಯಾಕ್ಟರಿನಿಂದ ಡೀಸೆಲ್ ತರಿಸಿ, ಅದರ ತುಸುವನ್ನು ಪೆಟ್ರೋಲಿಗೆ ಬೆರೆಸಿ ಇನ್ನೊಂದು ಕಾಗದದ ಮೇಲೆ ಬಿಟ್ಟೆವು. ಕಲೆ ಉಳಿಯಿತು. ಪ್ರಯೋಗಶಾಲೆಯ ಉತ್ತರವೂ ಬಂದಿತ್ತು, ಅದನ್ನೂ ಕೊಟ್ಟೆ: ಕಲಬೆರಕೆ ಇಲ್ಲ.

"ಹಂಗಾರ ಎಂಜಿನ್ ಯಾಕ ಹೋತು?" ಎಂದರು.

ಅದನ್ನು ಗಾಡಿಯಲ್ಲಿ ಇದ್ದವರು ಹೇಳಬೇಕು, ಏರು ಹತ್ತುವಾಗ ಏನಾದರೂ ಸದ್ದು ಕೇಳಿತೇ ಎಂದು ಕೇಳಿದೆ. ಶಾಂತವ್ವ ಏನೂ ಇಲ್ಲ ಎಂದರು. ಆಮೇಲೆ ನೆನಪು ಮಾಡಿಕೊಂಡು ನಕ್ಕರು. ಮದುಮಗಳ ಬಳೆಗಳು ಒಂದೇ ಸಮನೆ ಗಲಗಲ ಅನ್ನುತ್ತಿದ್ದವು, ಮೊಣಕೈತನಕ ಹಸಿರು ಬಳೆ ಇಟ್ಟಿದ್ದರಲ್ಲ, ಎಷ್ಟು ಸಪ್ಪಳ ಮಾಡತೀ ತಂಗಿ, ಸುಮ್ಮ ಕುಂದ್ರು ಎಂದು ತಾವೇ ಗದರಿಸಿದ್ದಾಗಿ ಹೇಳಿದರು.

ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಆಗ ಮಾತಾಡಿದಳು. ದನಿ ಸಣ್ಣದು, ಆದರೆ ತಡವರಿಸಲಿಲ್ಲ.

"ಅದು ಬಳಿ ಸಪ್ಪಳ ಆಗಿರಲಿಲ್ರಿ. ಚಿಗವ್ವಾರು ಬೈದ ಮ್ಯಾಲ ಎರಡೂ ಕೈ ಗಟ್ಟಿ ಹಿಡಕೊಂಡ ಕುಂತೆ. ಸಪ್ಪಳಾ ನಿಂದ್ರಲಿಲ್ಲ. ಏರ ಬಂದಾಗ ಜೋರ ಆಗತಿತ್ತು, ಸಪಾಟ ಬಂದಾಗ ಕಡಿಮಿ ಆಗತಿತ್ತು."

ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಶಾಂತವ್ವ ಕೇಳಿದರು. ಅಂದು ತಾಳಿ ಕಟ್ಟಿಸಿಕೊಂಡವಳು ಗಂಡನ ಗಾಡಿಯ ಮೇಲೆ ಹೇಗೆ ದೂರು ಹೇಳಲಿ ಎಂದಳು.

ನಾಕಿಂಗ್ ಸದ್ದನ್ನು ನಾನು ಹಲವು ಬಗೆಯಲ್ಲಿ ಕೇಳಿದ್ದೇನೆ. ಡಬ್ಬಿಯಲ್ಲಿ ಕಲ್ಲು ಅಲುಗಾಡಿಸಿದಂತೆ ಎನ್ನುವವರಿದ್ದಾರೆ, ಕೀಲಿಕೈ ಗೊಂಚಲಿನಂತೆ ಎನ್ನುವವರಿದ್ದಾರೆ. ಅದು ಭಾರ ಬಿದ್ದಾಗ ಏರುತ್ತದೆ, ಭಾರ ತಗ್ಗಿದಾಗ ಇಳಿಯುತ್ತದೆ. ಆ ಹುಡುಗಿ ಹೇಳಿದ್ದು ಅಕ್ಷರಶಃ ಅದನ್ನೇ. ಹೇಳಿಕೆಯನ್ನು ಹಾಗೆಯೇ ಬರೆದುಕೊಂಡೆ.

ನಾನು ಬರೆಯುವುದು ಮುಗಿಯುವ ಮೊದಲೇ ಶಿವಾನಂದ ಎದ್ದು ಒಳಗೆ ಹೋದ. ಬಂದಾಗ ಅವನ ಕೈಯಲ್ಲಿ ಅಂಗೈ ಅಗಲದ ಕಪ್ಪು ಡಬ್ಬಿಯಿತ್ತು, ತುಂಡಾದ ವೈರುಗಳ ಸಮೇತ. ಅಪ್ಪನ ಮುಂದೆ ಇಟ್ಟ. ಕೊಲ್ಹಾಪುರದಲ್ಲಿ ಕೂರಿಸಿಕೊಂಡದ್ದು ಎಂದ. ಆ ಡಬ್ಬಿ ಕಾರಿನ ಕಂಪ್ಯೂಟರಿಗೆ ಟರ್ಬೊ ಒತ್ತಡವನ್ನು ಕಡಿಮೆ ಮಾಡಿ ಹೇಳುತ್ತದೆ. ಕಡಿಮೆಯಿದೆ ಎಂದು ನಂಬಿದ ಕಂಪ್ಯೂಟರ್ ಇನ್ನಷ್ಟು ಗಾಳಿ ತುರುಕುತ್ತದೆ. ಕಾರು ಜಿಗಿಯುತ್ತದೆ. ತೊಂಬತ್ತೈದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಬೇಡ ಎಂದು ಕೂರಿಸಿದವನು ಹೇಳಿದ್ದ. ಶಿವಾನಂದ ಬೆಳಗಾವಿಗೆ ಹೋಗಿ ಅದನ್ನೇ ಹಾಕಿಸುತ್ತಿದ್ದ. ಆಗ ನಮ್ಮ ಬಂಕುಗಳ ಸಾದಾ ಪೆಟ್ರೋಲಿನ ಅಂಕಿ ತೊಂಬತ್ತೊಂದು. ಬೇಸಿಗೆಯ ಝಳ, ತುಂಬಿದ ಗಾಡಿ, ಗುಡ್ಡದ ಏರು, ಮೇಲೆ ಡಬ್ಬಿಯ ಸುಳ್ಳು. ಎಂಜಿನ್ನಿನ ಕಿವಿ ಸದ್ದು ಕೇಳಿಸಿಕೊಂಡು ಕಿಡಿಯನ್ನು ತಡಮಾಡಿರಬೇಕು. ಅದು ತಡಮಾಡುವುದಕ್ಕೂ ಒಂದು ಮಿತಿ ಇರುತ್ತದೆ. ಗಾಡಿ ನಿಂತ ಮೇಲೆ, ಎಳೆದೊಯ್ಯುವ ಗಾಡಿ ಬರುವ ಮೊದಲು, ಅವನು ಡಬ್ಬಿ ಕತ್ತರಿಸಿ ತೆಗೆದಿದ್ದ.

"ಮಾವಾರು ಟ್ಯಾಂಕಿನ ಮುಚ್ಚಳಾ ತಗಿಸಿ ನಿಂತಿದ್ರಪ್ಪಾ. ಸುತ್ತ ಅವ್ರ ಊರ ಮಂದಿ. ನೀವು ಹಾಕಸೂದು ನನ್ನ ಗಾಡಿಗೆ ನಡಿಯೂದಿಲ್ಲ ಅಂತ ಹೆಂಗ ಅನ್ಲಿ?"

ಚನ್ನಬಸಪ್ಪನವರು ಡಬ್ಬಿಯನ್ನು ಮುಟ್ಟಲಿಲ್ಲ.

"ಅವತ್ತ ಅನ್ನಲಿಲ್ಲ, ಬಿಡು. ಬೀಗರಿಗೆ ನಾನೂ ಅಂತಿರಲಿಲ್ಲ" ಎಂದರು. "ಇಷ್ಟ ದಿನಾ ಯಾಕ ಸುಮ್ಮ ಕುಂತಿ? ನಾ ಪ್ಯಾಟ್ಯಾಗ ನಿಂತ ಬಾಯಿಗಿ ಬಂದಂಗ ಅಂದ್ನೆಲ್ಲಾ."

ಶಿವಾನಂದ ಬಾಗಿಲ ಕಡೆ ನೋಡಿದ. ಸುವರ್ಣಾ ಒಳಗೆ ಹೋಗಿದ್ದಳು. ಕೈ ಹಿಡಿದು ಕೂತವಳ ಮುಂದೆ ತಾನು ಬಾಯಿ ಹಿಡಿದು ಕೂತದ್ದು ಅವನಿಗೆ ಹೊಳೆದಿರಬೇಕು. ಇದು ನನ್ನ ಅಂದಾಜು, ವರದಿಯಲ್ಲಿ ಇಲ್ಲ.

ನಾನು ಹೊರಡಲು ಎದ್ದೆ. ಚನ್ನಬಸಪ್ಪನವರು ಕುಂದ್ರಿ ಎಂದು ಕೈ ಮಾಡಿ, ಮಗನಿಗೆ ಸಾಲಹಳ್ಳಿಗೆ ಫೋನ್ ಹಚ್ಚು ಎಂದರು. ಆ ಕಡೆ ಗುರುಪಾದಪ್ಪ ಎತ್ತಿಕೊಂಡರು. ಇವರು ಮಳೆ ಹೇಗಿದೆ ಎಂದು ಕೇಳಿದರು. ಹೆಸರಿನ ಬೆಳೆ ಹೇಗೆ ಬಂದಿದೆ ಎಂದು ಕೇಳಿದರು. ಆಮೇಲೆ ಕೇಳಿದರು:

"ಬೀಗರ, ಪಂಚಮಿಗಿ ಕರಿಯಾಕ ಯಾವಾಗ ಬರತೀರಿ?"

ತಪ್ಪಾಯಿತು ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಬೀಳದ್ದನ್ನು ಬರೆಯಲಾರೆ. ಆದರೆ ಮರುದಿನ ಮಾರುಕಟ್ಟೆಯಲ್ಲಿ, ಮೊದಲು ಎಲ್ಲಿ ನಿಂತು ಆ ಮಾತು ಆಡಿದ್ದರೋ ಅದೇ ಅಂಗಡಿಯ ಮುಂದೆ ನಿಂತು, ತಮ್ಮ ಹುಡುಗನ ಡಬ್ಬಿಯ ಕಥೆಯನ್ನು ಅವರೇ ಹೇಳಿದರು. ಇದು ನಾನು ಕಂಡದ್ದು. ನನ್ನ ಕಚೇರಿಯ ಕಿಟಕಿಯಿಂದ ಆ ಅಂಗಡಿ ಕಾಣುತ್ತಿತ್ತು, ಅಲ್ಲಿಯ ಮಾತೂ ಕೇಳುತ್ತಿತ್ತು.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಧೂಳಿನಲ್ಲಿದ್ದ ಚೌಕ, ಮಾಲೀಕನ ಮೊದಲ ಹೇಳಿಕೆ, ಎರಡನೆಯ ಹೇಳಿಕೆ, ಬಳೆಯ ಸಂಗತಿ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿರಲಿಲ್ಲವಾದ್ದರಿಂದ ಪರಿಹಾರ ಸಿಗಲಿಲ್ಲ. ಶಿವಾನಂದನ ಮೇಲೆ ನನಗೆ ಮರುಕವಿತ್ತು, ಆದರೆ ಮರುಕಕ್ಕೆ ವರದಿಯಲ್ಲಿ ಕಾಲಂ ಇಲ್ಲ. ಕಂಪನಿಯ ಕಚೇರಿಯಿಂದ ಮಾತ್ರ ಒಂದು ಪ್ರಶ್ನೆ ವಾಪಸು ಬಂತು. ವರದಿಯಲ್ಲಿ ಆಕ್ಟೇನ್ ಎಂಬ ಬಿಡಿಭಾಗ ಹಾನಿಗೆ ಕಾರಣವೆಂದಿದೆ, ಅದರ ಬೆಲೆಯನ್ನೂ ಫೋಟೊವನ್ನೂ ಲಗತ್ತಿಸಿಲ್ಲ, ಕೂಡಲೇ ಕಳಿಸಿ ಎಂದು. ನಾಡಗೌಡ್ರು ಇದ್ದಿದ್ದರೆ ಏನು ಉತ್ತರ ಬರೆಯುತ್ತಿದ್ದರೋ. ನಾನು ಮಾತ್ರ, ಅದು ಪೆಟ್ರೋಲಿನ ಗುಣ, ಕಣ್ಣಿಗೆ ಕಾಣುವುದಿಲ್ಲ ಎಂದು ಬರೆದೆ.

ಈಗ ಕಾಲ ಇನ್ನೂ ಬದಲಾಗಿದೆ. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ, ಸಾದಾ ಪೆಟ್ರೋಲಿನ ಅಂಕಿಯೂ ಮೊದಲಿನದಲ್ಲ. ಡಬ್ಬಿಯ ಬದಲು ಲ್ಯಾಪ್‌ಟಾಪಿನಿಂದಲೇ ಕಾರಿನ ಕಂಪ್ಯೂಟರನ್ನು ತಿದ್ದುತ್ತಾರೆ, ಅದಕ್ಕೆ ಧೂಳಿನಲ್ಲಿ ಚೌಕ ಉಳಿಯುವುದಿಲ್ಲ. ಹೊಸ ಸರ್ವೇಯರ್‌ಗಳು ಅದನ್ನು ಓದುವ ಯಂತ್ರ ಹಿಡಿದು ಹೋಗಬೇಕು. ಹೋಗಲಿ. ಹಿಂದಿನ ಸೀಟಿನಲ್ಲಿ ಕೂತಿದ್ದವರನ್ನೂ ಮರೆಯದೆ ಕೇಳಲಿ.

ಆ ಪಂಚಮಿಗೆ ಸುವರ್ಣಾ ತವರಿಗೆ ಹೋದಳು. ಹಬ್ಬ ಮುಗಿದ ಮೇಲೆ ಕರೆದುಕೊಂಡು ಹೋಗಲು ಶಿವಾನಂದ ಯಾರದೋ ಸಣ್ಣ ಕಾರು ತೆಗೆದುಕೊಂಡು ಸಾಲಹಳ್ಳಿಗೆ ಹೋಗಿದ್ದ. ಅಂದು ನನಗೆ ಗುರುಪಾದಪ್ಪನವರ ಫೋನ್ ಬಂತು. ಬಂಕಿನಿಂದ ಮಾತಾಡುತ್ತಿದ್ದರು, ಹಿಂದೆ ಟ್ರ್ಯಾಕ್ಟರಿನ ಸದ್ದು.

"ಸಾಹೇಬ್ರ, ಅಳಿಯಾರ ಬ್ಯಾರೆ ಗಾಡಿ ತಂದಾರ್ರಿ. ಇದಕ್ಕ ಎಷ್ಟ ನಂಬರಿಂದ ಹಾಕಸ್ಲಿ?"

ನಾನು ಗಾಡಿ ನೋಡಿಲ್ಲ, ಅಳಿಯಂದಿರನ್ನೇ ಕೇಳಿ ಎಂದೆ. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದು ಅವರು ಕೇಳಿದ್ದು ನನಗೂ ಕೇಳಿಸಿತು. "ಅಳಿಯಾರ, ಇದಕ್ಕ ಯಾವುದು ನಡೀತೈತ್ರಿ?"

"ಸಾದಾ ನಡೀತೈತ್ರಿ ಮಾವಾರ" ಎಂದಿತು ಶಿವಾನಂದನ ದನಿ. "ಟ್ಯಾಂಕ್ ಫುಲ್ ಮಾಡಸ್ರಿ."